ಐದು ಕಿಲೋಮೀಟರಿನ ವೃತ್ತ

ಡೆನ್ಜಿಲ್ ಎಳೆದ ವೃತ್ತದಲ್ಲಿ ತಪ್ಪು ಹುಡುಕುವ ಗಂಡು ಮಲೇಷ್ಯಾದ ಪೆಟಾಲಿಂಗ್ ಜಯಾದ ಆ ಆಫೀಸಿನಲ್ಲಿ ಯಾರೂ ಇರಲಿಲ್ಲ. ಕಾರ್ಮಿಕರಿಗೆ ಕಾಸಿಲ್ಲದೆ ಔಷಧಿ ಕೊಡಿಸುವ ಕಾರ್ಡು ನಡೆಸುವ ಕಂಪನಿ ಅದು. ಪ್ರತಿಯೊಬ್ಬ ಕಾರ್ಡುದಾರನ ಮನೆಯಿಂದ ಐದು ಕಿಲೋಮೀಟರಿನೊಳಗೆ ಕಾರ್ಡು ನಡೆಯುವ ಔಷಧಿ ಅಂಗಡಿ ಇದೆಯೆಂದು ತೋರಿಸದಿದ್ದರೆ ಪರವಾನಗಿ ಇಲ್ಲ ಎಂದು ಸರ್ಕಾರದವರು ಕಟ್ಟುನಿಟ್ಟು ಮಾಡಿದ್ದರು. ಡೆನ್ಜಿಲ್ ನಕಾಶೆಯ ಮೇಲೆ ಮನೆಮನೆಗೂ ವೃತ್ತ ಎಳೆದ. ಒಳಗೆ ಒಂದು ಅಂಗಡಿ ಬಿದ್ದರೆ ಮುಗಿಯಿತು. ಕ್ಲಾಂಗ್ ಬಂದರಿನ ಮಿಸ್ ಲಿಮ್ ದರ ಹೆಚ್ಚು ಕೇಳಿದಳೆಂದು ಅವಳ ಅಂಗಡಿ ಕೈಬಿಟ್ಟ. ಎದುರಿನ ದ್ವೀಪದ ಅಂಗಡಿ ಹೇಗೂ ಬಂದರಿನವರ ವೃತ್ತದೊಳಗಿತ್ತು. ನಡುವೆ ಸಮುದ್ರವಿದೆ, ಸೇತುವೆ ಹಿಡಿದು ಬಹಳ ದೂರ ಬಳಸಿ ಹೋಗಬೇಕು ಎಂಬುದು ಆ ಬುದ್ಧಿವಂತನ ತಲೆಗೆ ಹೊಳೆಯಲೇ ಇಲ್ಲ.

ಆಮೇಲೆ ಕೊರೋನಾ ಬಂತು. ಮನೆಯಿಂದ ಹತ್ತು ಕಿಲೋಮೀಟರು ದಾಟಿದರೆ ಪೊಲೀಸರು ಹಿಂದಕ್ಕೆ ಅಟ್ಟುತ್ತಿದ್ದರು. ಬಂದರಿನಿಂದ ದೂರುಗಳು ಸುರಿದಾಗ ಬಾಸ್ ಡೆನ್ಜಿಲ್‌ನ ಕೈಗೆ ಓಡಾಟದ ಪಾಸು ಕೊಟ್ಟು ಮಿಸ್ ಲಿಮ್ ಹತ್ತಿರ ರಾಜಿಗೆ ಕಳಿಸಿದ.

ಅವಳ ಅಂಗಡಿಯಲ್ಲಿ ಚೌಕಾಸಿ ನಡೆಯುತ್ತಿರುವಾಗಲೇ ಸುಬ್ರಾಯ ಒಳಗೆ ಬಂದ. ಕುಂದಾಪುರದ ಕಡೆಯವನು, ಬಂದರಿನ ಗೋದಾಮಿನಲ್ಲಿ ಕೆಲಸ. ಲಾಕ್‌ಡೌನ್ ಆದಾಗಿನಿಂದ ಸಂಬಳವಿಲ್ಲ. ಹೆಂಡತಿ ಚಾಮುಂಡಿಯ ಇನ್ಸುಲಿನ್ ಮುಗಿದುಹೋಗಿತ್ತು. ಅವನು ಚಾಚಿದ ಕಾರ್ಡು ನೋಡಿ ಮಿಸ್ ಲಿಮ್, "ಇದು ಇಲ್ಲಿ ನಡೆಯಲ್ಲ" ಎಂದಳು.

ಸುಬ್ರಾಯನ ಕಣ್ಣು ಡೆನ್ಜಿಲ್‌ನ ಕೊರಳಿನ ಬ್ಯಾಡ್ಜಿನ ಮೇಲೆ ಬಿತ್ತು. ಅದೇ ಕಂಪನಿ. ಡೆನ್ಜಿಲ್ ಪಿಂಟೊ.

"ಮಂಗ್ಳೂರಿನವ್ರಾ? ಒಳ್ಳೇದಾಯ್ತು ಮಾರಾಯ್ರೆ. ಹೆಂಡ್ತಿ ಏಳ್ಲಿಕ್ಕೂ ಆಗದೆ ಮಲಗಿದಾಳೆ. ಇವ್ರಿಗೆ ಒಂದು ಮಾತು ಹೇಳಿ."

ಡೆನ್ಜಿಲ್ ಜೇಬಿನಿಂದ ನಾಲ್ಕು ನೋಟು ತೆಗೆದಿದ್ದರೆ ಸಾಕಿತ್ತು. ಈ ಮಹಾರಾಯ ಬಾಯಿ ತೆಗೆದ.

"ನಿಮಗೆ ಐದು ಕಿಲೋಮೀಟರ್ ಒಳಗೇ ಅಂಗಡಿ ಕೊಟ್ಟಿದ್ದೀವಲ್ಲ? ಐಲ್ಯಾಂಡಲ್ಲಿ. ಸಿಸ್ಟಮ್‌ನಲ್ಲಿ ಕ್ಲಿಯರ್ ಆಗಿದೆ."

"ನಡುವೆ ಸಮುದ್ರ ಉಂಟು! ನಿನ್ನೆ ಸೇತುವೆ ಕಡೆ ಹೋದವನನ್ನು ಪೊಲೀಸ್ರು ಓಡಿಸಿದ್ರು. ಈಜಿಕೊಂಡು ಹೋಗ್ಬೇಕಾ?"

"ನೋಡಿ, ರೂಲ್ ಪ್ರಕಾರ…"

ಬಾಗಿಲ ಬಳಿ ಶಟರ್ ಎಳೆಯುವ ಕಬ್ಬಿಣದ ಸಲಾಕೆ ಇತ್ತು, ಸುಬ್ರಾಯ ಅದನ್ನೆತ್ತಿ ಬೀಸಿದ. ಮೊದಲ ಏಟಿಗೆ ಡೆನ್ಜಿಲ್‌ನ ಭುಜದ ಮೂಳೆ ಲಟಕ್ಕೆಂದಿತು. ಎರಡನೆಯದು ಮುಖಕ್ಕೆ, ಮಾಸ್ಕಿನೊಳಗೆ ಹಲ್ಲೂ ರಕ್ತವೂ ತುಂಬಿಕೊಂಡವು. ಗಾಜಿನ ಕಪಾಟಿನ ಮೇಲೆ ಬಿದ್ದವನನ್ನು ಚೂರುಗಳ ಮೇಲೇ ದರದರನೆ ಎಳೆದು ಸುಬ್ರಾಯ ಸೊಂಟಕ್ಕೆ ಒದ್ದ. "ಈಜು! ಈಜಿ ತೋರ್ಸು!" ಎನ್ನುತ್ತ ಮತ್ತೆ ಒದ್ದ. ಡೆನ್ಜಿಲ್ ಅಂಗೈಗಳಿಂದ ಗಾಜು ತಳ್ಳುತ್ತ ತೆವಳಿದ. ಸಾಯುತ್ತೇನೆ ಎಂದೇ ಅನ್ನಿಸಿತು ಅವನಿಗೆ.

ಪೊಲೀಸರು ಬಂದು ಲಾಠಿ ಬೀಸಿದರು. ಸುಬ್ರಾಯನ ತಲೆ ಒಡೆಯಿತು. ಜೀಪಿಗೆ ಎತ್ತಿ ಹಾಕುವವರೆಗೂ ಅವನು ಇನ್ಸುಲಿನ್, ಇನ್ಸುಲಿನ್ ಎಂದು ಅರಚುತ್ತಲೇ ಇದ್ದ. ಆಸ್ಪತ್ರೆಗೆ ನಡಿ ಎಂದ ಪೇದೆಗೆ ಡೆನ್ಜಿಲ್ ಬೇಡವೆಂದು ತಲೆಯಾಡಿಸಿದ. ರಕ್ತ ಮೆತ್ತಿದ ನೋಟು ಕೊಟ್ಟು ಇನ್ಸುಲಿನ್ ಕೊಂಡ, ಮಿಸ್ ಲಿಮ್ ತೋರಿಸಿದ ಮನೆಗೆ ಒಂದು ಕೈ ಜೋತಾಡಿಸಿಕೊಂಡು ನಡೆದ.

ಚಾಮುಂಡಿ ಗೋಡೆ ಹಿಡಿದು ಬಾಗಿಲು ತೆಗೆದಳು.

"ನಮ್ಮವರೆಲ್ಲಿ?"

"ಪೊಲೀಸರು ಹಿಡ್ಕೊಂಡು ಹೋದ್ರು ಅಕ್ಕ. ನನಗೆ ಹೊಡೆದದ್ದಕ್ಕೆ. ಕಾರ್ಡು ಕಂಪನಿಯವ ನಾನು."

ಅವಳು ಔಷಧಿ ಕಿತ್ತುಕೊಂಡಳು. ಅಲ್ಲೇ ಕುಸಿದು ಕೂತು, ಹೊಟ್ಟೆಗೆ ಸೂಜಿ ಚುಚ್ಚಿಕೊಂಡಳು. ಆಮೇಲಷ್ಟೇ ತಲೆಯೆತ್ತಿ ಅವನ ಒಡೆದ ಮುಖವನ್ನು ನೋಡಿದಳು.

"ಸಾಲ್ಲಿಲ್ಲ," ಎಂದಳು. "ಅವ್ರು ಇನ್ನೂ ಹೊಡೀಬೇಕಿತ್ತು."

"ಹೌದಕ್ಕ," ಎಂದ ಡೆನ್ಜಿಲ್.