ಸೊನ್ನೆಗಳ ವೇಗ

ಟಕ್. ರಾತ್ರಿ ಒಂದೂವರೆಗೆ ನನ್ನ ಟೇಪ್ ಡ್ರೈವ್ ಮತ್ತೆ ನಿಂತಿತು. ಒಳಗೆ ಟೇಪು ಒಂದಿಷ್ಟು ಹಿಂದಕ್ಕೆ ಸರಿದು, ಸುಧಾರಿಸಿಕೊಂಡು ಮುಂದೆ ಹೊರಟಿತು. ಪಕ್ಕದ ಮೇಜಿನಲ್ಲಿ ವಾರಗಿತ್ತಿಯ ಡ್ರೈವ್ ಒಂದೇ ಸಮನೆ ಗುಂಯ್‌ಗುಡುತ್ತಿತ್ತು.

ಹಗಲು ಸರ್ವರ್‌ಗಳಿಗೆ ಬಿಡುವಿಲ್ಲ; ಅವುಗಳ ಮಾಹಿತಿಯ ನಕಲು ಇಡುವ ಬ್ಯಾಕಪ್ ಟೇಪಿನ ವೇಗ ಅಳೆಯುವುದು ರಾತ್ರಿಯೇ. ಎರಡು ಕಂಪನಿಗಳು ಪರೀಕ್ಷೆಗೆಂದು ಒಂದೊಂದು ಡ್ರೈವ್ ಕಳಿಸಿದ್ದವು. ಒಂದು ನನ್ನ ಪಾಲಿಗೆ, ಇನ್ನೊಂದು ಅವಳ ಪಾಲಿಗೆ. ಯಾರ ಡ್ರೈವ್ ಗೆಲ್ಲುತ್ತದೋ ಹೊಸ ಟೇಪ್ ಕೋಣೆಯ ಉಸ್ತುವಾರಿ ಅವರಿಗೆ ಎಂದಿದ್ದರು ಮ್ಯಾನೇಜರ್. ಆರು ವರ್ಷದಿಂದ ಇಂಥದೊಂದು ಕುರ್ಚಿಗೆ ಕಾದವಳು ನಾನು. ಮೈದುನನ ಹೆಂಡತಿಯೆಂದು ಅವಳನ್ನು ಇಲ್ಲಿ ಸೇರಿಸಿದವಳೂ ನಾನೇ. ಮನೆಯಲ್ಲಿ ಅತ್ತೆಯ ಬಾಯಲ್ಲಿ ಬೆಳಗಾದರೆ "ಚಿಕ್ಕವಳ ಕೈ ಚುರುಕು". ಇಲ್ಲೂ ಅದನ್ನೇ ಕೇಳಬೇಕೇ?

"ಅಕ್ಕಾ, ನಿಮ್ದು ಎಷ್ಟು ಬಂತು?"

"ಬರೆಯೋದು ಸೆಕೆಂಡಿಗೆ ನೂರ ನಲವತ್ತು ಎಂಬಿ, ಓದೋದು ನೂರ ಅರವತ್ತು. ನಿಂದು?"

"ಎರಡೂ ಮುನ್ನೂರು ದಾಟ್ತು. ನಿಮ್ಮದಕ್ಕೆ ಮಂಡಿನೋವು ಇರ್ಬೇಕು ಅಕ್ಕಾ, ಹೆಜ್ಜೆಗೊಂದ್ಸಲ ಕೂತ್ಕೊಳ್ಳುತ್ತೆ!"

ನಕ್ಕೆ. ಪರದೆಯನ್ನು ಇನ್ನಷ್ಟು ನನ್ನ ಕಡೆಗೆ ತಿರುಗಿಸಿಕೊಂಡೆ.

ಅವಳು ಕಾಫಿ ತರಲು ಹೋದಾಗ ಅವಳ ಕುರ್ಚಿಯಲ್ಲಿ ಕೂತು, ಟೇಪಿಗೆ ಬರೆಯುತ್ತಿದ್ದ ಫೈಲನ್ನು ತೆರೆದೆ. ಸೊನ್ನೆ, ಸೊನ್ನೆ, ಕೊನೆಯವರೆಗೂ ಬರೀ ಸೊನ್ನೆ. ಡ್ರೈವ್ ಯಾವ ಮಾಹಿತಿಯನ್ನಾದರೂ ಕುಗ್ಗಿಸಿಯೇ ಬರೆಯುತ್ತದೆ. ಬರೀ ಸೊನ್ನೆಗಳಾದರೆ ಬರೆಯಲು ಹೆಚ್ಚುಕಡಿಮೆ ಏನೂ ಉಳಿಯುವುದಿಲ್ಲ. ಖಾಲಿ ಪೆಟ್ಟಿಗೆ ಹೊತ್ತು ಓಡಿದ ಹಾಗೆ. ಕಳೆದ ತಿಂಗಳಷ್ಟೇ ಕೈಪಿಡಿಯಲ್ಲಿ ಇದನ್ನು ಓದಿ, ಈ ಸಲ ಕಚೇರಿಯ ನಿಜವಾದ ಫೈಲುಗಳನ್ನೇ ಹಾಕಿದ್ದೆ. ಅವು ಸರ್ವರ್‌ನಿಂದ ಡ್ರೈವಿಗೆ ಬಂದು ಸೇರುವುದು ತಡವಾದಾಗಲೆಲ್ಲ ಟಕ್. ಅವಳಿಗೆ ಈ ವಿಷಯ ಹೇಳಿರಲಿಲ್ಲ. ಬೇಕೆಂದೇ ಹೇಳಿರಲಿಲ್ಲ.

ಹೊಟ್ಟೆ ತಣ್ಣಗಾಯಿತು. ಬೆಳಿಗ್ಗೆ ಮ್ಯಾನೇಜರ್ ಮುಂದೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಲೇ, ಸಾಕ್ಷಿಗಿರಲಿ ಎಂದು ಫೈಲ್ ಮಾಡಿದವರ ವಿವರ ನೋಡಿದೆ. ತಾರೀಖು ಎರಡು ವರ್ಷ ಹಿಂದಿನದು. ಹೆಸರು ನನ್ನದು.

"ನಿಮ್ಮ ಫೈಲೇ ಅಕ್ಕಾ," ಎರಡು ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಈಗಿರೋ ಡ್ರೈವ್ ತಗೊಳ್ಳುವಾಗ ಅಳೆದ್ರಲ್ಲ, ಪ್ರಶಂಸಾಪತ್ರ ಬಂತಲ್ಲ, ಅತ್ತೆ ಅದಕ್ಕೆ ಫ್ರೇಮ್ ಹಾಕಿಸಿ ಹಾಲ್‌ನಲ್ಲಿ ನೇತುಹಾಕಿದಾರಲ್ಲ, ಅದೇ. ನಿಮಗಿಂತ ಸರಿಯಾಗಿ ಯಾರು ಮಾಡಿರ್ತಾರೆ ಅಂತ ತಗೊಂಡೆ. ಏನಾದ್ರೂ ತಪ್ಪಾಯ್ತಾ?"

ಅವಳ ಮುಖದಲ್ಲಿ ಕೊಂಕು ಹುಡುಕಿದೆ. ಇರಲಿಲ್ಲ. ಇದ್ದಿದ್ದರೆ ಎಷ್ಟೋ ವಾಸಿಯಿತ್ತು.

ಬಾಯಿ ಬಿಟ್ಟರೆ ಕುರ್ಚಿ ನನ್ನದು. ಜೊತೆಗೇ ಗೋಡೆಯ ಮೇಲಿನ ಆ ಪತ್ರಕ್ಕೂ ಸೊನ್ನೆ.

"ತಪ್ಪೇನಿಲ್ಲ ಕಣೆ. ಬಂದಿದ್ದನ್ನೇ ಬರಿ," ಎಂದು ಅವಳ ಕುರ್ಚಿ ಬಿಟ್ಟು ಎದ್ದೆ.

ಅವಳು ಗುಂಡಗಿನ ಅಕ್ಷರದಲ್ಲಿ ಮುನ್ನೂರ ಹತ್ತು ಎಂದು ಬರೆದಳು. ನಾನು ನೂರ ನಲವತ್ತು ಬರೆದೆ. ಮ್ಯಾನೇಜರ್‌ಗಾಗಲಿ, ಮನೆಯಲ್ಲಿ ಗಂಡನಿಗಾಗಲಿ, ಯಾರಿಗೂ ಈ ಫೈಲಿನ ಸುದ್ದಿ ಹೇಳುವುದಿಲ್ಲವೆಂದು ಆಗಲೇ ತೀರ್ಮಾನಿಸಿಬಿಟ್ಟಿದ್ದೆ.