ಐಲಿ ಬೆಸೆದ ವಾಲ್ವು

ತಾಮ್ರದ ಪೈಪಿಗೆ ಬೆಸೆಯುವ, ನೀರು ತಡೆಯುವ ವಾಲ್ವಿಗೆ ಹದಿನೆಂಟು ಡಾಲರ್. ಒಳಗಿನ ನೀರು ಹೆಪ್ಪುಗಟ್ಟಿ ಪೈಪು ಒಡೆದು ಹಾಳಾದ ನೆಲವನ್ನು ಕಿತ್ತು ಹೊಸದಾಗಿ ಹಾಕಿಸಲು ಮೂರು ಸಾವಿರ. ಮಿನೆಸೋಟದ ನಮ್ಮ ಗಣಿ ಊರಿನಲ್ಲಿ ಪ್ರತಿ ಚಳಿಗಾಲವೂ ಯಾರಾದರೊಬ್ಬರು ಆ ಮೂರು ಸಾವಿರ ತೆರುತ್ತಾರೆ.

ಐಲಿಯ ಅಡುಗೆಮನೆಯ ಮೇಪಲ್ ಮರದ ನೆಲ ಅವಳಪ್ಪ ಕೈಯಾರೆ ಹಾಸಿದ್ದು. ಅಲ್ಲಿಯ ಪೈಪು ಒಮ್ಮೆ ಹೆಪ್ಪುಗಟ್ಟಿದಾಗ ಅವಳ ಜೀವ ಬಾಯಿಗೆ ಬಂದಿತ್ತು. ಕೆಳಗಿನ ನೆಲಮಾಳಿಗೆಯಲ್ಲೇ ಆ ಪೈಪಿಗೊಂದು ವಾಲ್ವು ಹಾಕಲು ಹೊರಟಳು.

"ನೀನು ಬೆಸೀತೀಯಾ? ಮನೆ ಸುಟ್ಟುಬಿಟ್ಟೀಯ!" ಎಂದ ಗಂಡ ಟೌನೊ.

"ಬೆಚ್ಚಗಾದ್ರೂ ಇರುತ್ತಲ್ಲ" ಎಂದಳು ಐಲಿ.

ಪೈಪಿನ ಕೆಲಸದಲ್ಲೇ ತಲೆ ನರೆತ ಪಕ್ಕದ ಮನೆಯ ಮಾರ್ಸೆಲ್ಲಾ ಬಂದು, ಬಕೆಟ್ ಬೋರಲು ಹಾಕಿ ಕುಳಿತಳು. "ನಾನು ಮುಟ್ಟಲ್ಲ ಕಣೇ. ನೀನೇ ಮಾಡು."

ಮುಖ್ಯ ವಾಲ್ವು ಮುಚ್ಚಿ, ನೀರು ಬಸಿದು, ಪೈಪು ಕತ್ತರಿಸಿದರೂ ಹನಿ ತೊಟ್ಟಿಕ್ಕುತ್ತಲೇ ಇತ್ತು.

"ನೀರಿದ್ರೆ ಪೈಪು ಕಾಯಲ್ಲ, ಬೆಸುಗೆ ಹಿಡಿಯಲ್ಲ. ಬ್ರೆಡ್ಡು ತುರುಕು, ಹನಿ ಹೀರ್ಕೊಳ್ಳುತ್ತೆ" ಎಂದಳು ಮಾರ್ಸೆಲ್ಲಾ.

ಟೌನೊ ಮನೆಯ ಕಪ್ಪು ರೈ ಬ್ರೆಡ್ಡು ತಂದ.

"ಅಯ್ಯೋ ಮಾರಾಯ! ನಿಮ್ಮ ಫಿನ್‌ಲ್ಯಾಂಡಿನೋರ ಬ್ರೆಡ್ಡು ವಾಲ್ವಿಗಿಂತ ಗಟ್ಟಿ. ಕರಗದೆ ಒಳಗೇ ಕೂತುಬಿಡುತ್ತೆ. ಮೆತ್ತನೆ ಬಿಳೀದು ಬೇಕು, ಅಂಚು ತೆಗೆದು."

"ಆ ಹತ್ತೀನ ನಮ್ಮನೇಲಿ ಯಾರು ತಿಂತಾರೆ?" ಎಂದು ಗೊಣಗುತ್ತ ಟೌನೊ ಮಾರ್ಸೆಲ್ಲಾಳ ಮನೆಯಿಂದಲೇ ತಂದ.

ಐಲಿ ಬ್ರೆಡ್ಡು ತುರುಕಿದಳು. ಪೈಪಿನ ತುದಿಗಳನ್ನು ಹೊಳೆಯುವಂತೆ ಉಜ್ಜಿ, ಬೆಸುಗೆಯ ಪೇಸ್ಟು ಹಚ್ಚಿ, ನಡುವೆ ವಾಲ್ವು ಕೂರಿಸಿದಳು.

"ವಾಲ್ವು ಮುಚ್ಕೋ" ಎಂದ ಟೌನೊ.

"ಹಂಗೆ ಮುಚ್ಚಿ ಬೆಸೆದೇ ಅಲ್ವಾ ನೀನು ಹೊರಗಿನ ನಲ್ಲಿಯ ವಾಲ್ವು ಕೆಡಿಸಿದ್ದು? ಪೂರ್ತಿ ತೆರೆದಿಡು ಐಲಿ. ಮುಚ್ಚಿದ್ರೆ ಆವಿ ಸಿಕ್ಕಿಕೊಂಡು ಒಳಗಿನ ಸೀಲು ಹೋಗುತ್ತೆ. ಆಮೇಲೆ, ಬೆಸುಗೆ ತಂತೀನ ಕಾಯಿಸಬೇಡ, ಪೈಪು ವಾಲ್ವು ಸೇರೋ ಕೀಲನ್ನ ಕಾಯಿಸು."

ಪೈಪಿನ ಹಿಂದಿನ ಮರದ ತೊಲೆಗೆ ಬೆಂಕಿ ಹತ್ತದ ಬಟ್ಟೆ ಅಡ್ಡ ಹಿಡಿದು, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿಟ್ಟುಕೊಂಡು ನಿಂತ ಟೌನೊ. ಐಲಿ ಗ್ಯಾಸ್ ಬರ್ನರಿನ ಉರಿಯಲ್ಲಿ ಕೀಲು ಕಾಯಿಸಿ, ಸೀಸವಿಲ್ಲದ ತಂತಿ ಮುಟ್ಟಿಸಿದ್ದೇ ತಡ, ಬೆಸುಗೆ ಬೆಳ್ಳಿಯ ಉಂಗುರದಂತೆ ಸುತ್ತ ಓಡಿತು. ಇನ್ನೊಂದು ಕಡೆಯೂ ಹಾಗೆಯೇ. ತಣ್ಣಗಾದ ಮೇಲೆ ನೀರು ಬಿಟ್ಟರು. ಬಾಯಿಯ ಜಾಲರಿ ಕಳಚಿಟ್ಟಿದ್ದ ಅಡುಗೆಮನೆಯ ನಲ್ಲಿಯಿಂದ ಬ್ರೆಡ್ಡಿನ ಚೂರೆಲ್ಲ ಕೊಚ್ಚಿಹೋಯಿತು. ಕೀಲಿನ ಕೆಳಗೆ ಟೌನೊ ಬೆರಳಾಡಿಸಿ ನೋಡಿದ. ಒಣಗಿತ್ತು.

ಅಂದಿನಿಂದ ಶನಿವಾರದ ಸೌನಾ ಎಂಬ ಬಿಸಿ ಆವಿಯ ಸ್ನಾನಕ್ಕೆ ಬಂದವರನ್ನೆಲ್ಲ ಅವನು ಮೊದಲು ನೆಲಮಾಳಿಗೆಗೇ ಕರೆದೊಯ್ಯುತ್ತಾನೆ. "ನೋಡ್ರಪ್ಪಾ, ನಮ್ಮವಳ ಕೆಲಸ!"

ಫೆಬ್ರುವರಿಯ ಚಳಿಗೆ ಆ ಪೈಪು ಮೇಲೆ ಅಡುಗೆಮನೆಯಲ್ಲಿ ಸೀಳಿಯೇಬಿಟ್ಟಿತು. ನೀರು ಚಿಮ್ಮುವ ಸದ್ದು ಕೇಳಿದ್ದೇ ಐಲಿ ನೆಲಮಾಳಿಗೆಗೆ ಓಡಿ ವಾಲ್ವು ತಿರುಗಿಸಿದಳು; ನೆಲ ನೆನೆಯುವ ಮೊದಲೇ ನೀರು ನಿಂತಿತು.

ನೀವೂ ಬೆಸೆಯುವಾಗ ಪೈಪು ಒಣಗಿರಲಿ, ವಾಲ್ವು ತೆರೆದಿರಲಿ, ಕುಡಿಯುವ ನೀರಿಗೆ ಸೀಸ ಬೇಡ. ಬೆಂಕಿ ಆರಿಸಿದ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಕಾದಿರಿ. ಕೆಲಸ ಬಾರದಿದ್ದರೆ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ವಾಲ್ವು ಎಲ್ಲಿದೆಯೆಂದು ಮನೆಯವರಿಗೆಲ್ಲ ಇಂದೇ ತೋರಿಸಿ.

ಐಲಿಗೆ ಹೋದದ್ದು ಒಂದಡಿ ಪೈಪು. ಉಳಿದದ್ದು ಅಪ್ಪ ಹಾಸಿದ ನೆಲ.