ಮೇಲೆ ಹೋಗುವ ದಾರಿ

ಮೂರು ಕೊಡ ನೀರು ಹಾಕಿದರೂ ಮಾರೆಣ್ಣನ ಕಿವಿಯೊಳಗಿನ ಗಾರೆ ಹೋಗಲಿಲ್ಲ. ತಮ್ಮ ದುರುಗಣ್ಣ ಕಿರುಬೆರಳಿಗೆ ಬಟ್ಟೆ ಸುತ್ತಿ ಕೆರೆದ. ಸುಣ್ಣ ಒಳಗೆ ಗಟ್ಟಿಯಾಗಿ ಕೂತಿತ್ತು.

"ಸಾಕು ಬಿಡು," ಎಂದಳು ಮಾರೆಣ್ಣನ ಹೆಂಡತಿ ಸುಂಕಲಮ್ಮ. "ಬದುಕಿದ್ದಾಗೂ ಅದು ಒಂದಿನ ಪೂರಾ ಹೋಗಿದ್ದಿಲ್ಲ."

ಮೂವತ್ತು ವರ್ಷ ಅವನು ಗೌಂಡಿ ಕೆಲಸ ಮಾಡಿದ್ದ. ಅವಳು ಗಾರೆಯ ಬುಟ್ಟಿ ಎತ್ತಿಕೊಟ್ಟಿದ್ದಳು. ಹಚ್ಚೊಳ್ಳಿ ಬಿಟ್ಟು ಬಳ್ಳಾರಿಗೆ ಬಂದಾಗಿನಿಂದ ಸತ್ಯನಾರಾಯಣಪೇಟೆಯ ಎಷ್ಟೋ ಮನೆಗಳ ಗೋಡೆ ಎಬ್ಬಿಸಿದ್ದು ಅವನ ಕೈಯೇ. ಗೋಡೆ ಒಣಗಿ ಸುಣ್ಣ ಬಳಿದಾದ ಮೇಲೆ ಆ ಮನೆಗಳೊಳಗೆ ಅವನು ಕಾಲಿಟ್ಟವನಲ್ಲ.

"ಹೆಂಗಾತವ್ವ?" ಪಕ್ಕದ ಮನೆಯ ಮುದುಕಿ ಉಚ್ಚೆಂಗೆಮ್ಮ ಕೇಳಿದಳು.

"ಹಾಲಸಿದ್ದಪ್ಪ ಸೌಕಾರ್ರ ಮನಿ ಮಾಳಿಗಿ ಬಿತ್ತು. ಮ್ಯಾಲಿನ ಬಚ್ಚಲದ ನೀರು ಇಳಿದಿಳಿದು ತೊಲಿ ಕೊಳ್ತಿತ್ತು. ನಾನು ಗಾರಿ ಕಲಸಾಕ ಹೊರಗ ಬಂದಿದ್ದೆ."

"ಗೌಂಡಿ ಆಗಿ ಅವನಿಗೆ ಗೊತ್ತಾಗ್ಲಿಲ್ಲೇನು?"

ಸುಂಕಲಮ್ಮ ಖಾಲಿ ಕೊಡ ಎತ್ತಿಕೊಂಡು ಒಳಗೆ ಹೋದಳು.

*

ಗೊತ್ತಾಗಿತ್ತು.

ಅರಳೆ ವ್ಯಾಪಾರಿ ಹಾಲಸಿದ್ದಪ್ಪ ತನ್ನ ಅಜ್ಜ ಕಟ್ಟಿಸಿದ ಮನೆಯ ಮಹಡಿಯ ಬಚ್ಚಲಿಗೆ ನೀಲಿ ಟೈಲ್ಸು, ಶವರು ಹಾಕಿಸಿದ್ದು ಎಪ್ಪತ್ತಾರನೇ ಇಸವಿಯಲ್ಲಿ. ಒಂದೇ ವರ್ಷಕ್ಕೆ ಕೆಳಗಿನ ಕೋಣೆಯ ಗೋಡೆಯಲ್ಲಿ ತೇವ ಕಾಣಿಸಿತು. ಪ್ಲಂಬರ್ ಬಂದು ಟೈಲ್ಸು ಒಡೆಯಬೇಕೆಂದಾಗ ಅವನನ್ನು ವಾಪಸ್ ಕಳಿಸಿ, ಮಾರೆಣ್ಣನನ್ನು ಕರೆಸಿದರು. ಅವನು ಹಿತ್ತಲ ಬಾಗಿಲಿನಿಂದ ಬಂದು ಹಳೆಯ ಗಾರೆ ಕೆತ್ತಿ ಹೊಸದು ಮೆತ್ತಿದ. ಮುಂದಿನ ಯುಗಾದಿಯೊಳಗೆ ಅದೂ ಉಬ್ಬಿ ಉದುರಿತು. ಐದು ವರ್ಷದಲ್ಲಿ ನಾಲ್ಕು ಸಲ ಮೆತ್ತಿದ್ದಾಯಿತು.

"ಸೌಕಾರ್ರ, ಬ್ಯಾನಿ ಇರೋದು ಮ್ಯಾಲ," ಎಂದಿದ್ದ ಮಾರೆಣ್ಣ. "ಶವರಿನ ಪೈಪು ಸೋರಾಕ ಹತ್ತೈತಿ. ಒಂದು ಸಲ ನನ್ನ ಮ್ಯಾಲ ಬಿಡ್ರಿ. ಟೈಲ್ಸು ಒಡೀಲಾರದಂಗ ನೋಡ್ತೀನಿ."

ಮಹಡಿಯ ಮೆಟ್ಟಿಲು ದೇವರ ಮನೆಯ ಮುಂದಿನಿಂದ ಏರುತ್ತಿತ್ತು. ಹಾಲಸಿದ್ದಪ್ಪ ಹೆಂಡತಿ ದಾಕ್ಷಾಯಣಮ್ಮನ ಮುಖ ನೋಡಿದ.

"ಇವತ್ತು ಮಾರ್ಯಾನ್ನ ಬಿಟ್ರ ನಾಳೆ ಯಾರ್ಯಾರನ್ನ ಬಿಡಬೇಕು?" ಮಾರೆಣ್ಣ ಅಲ್ಲಿ ನಿಂತೇ ಇಲ್ಲವೆಂಬಂತೆ ಆಕೆ ಗಂಡನಿಗೆ ಹೇಳಿದಳು. "ಕೆಳಗಿಂದನ ಮೆತ್ತಲಿ."

ಈ ಸಲ ಸೌಕಾರನ ಮಗಳ ನಿಶ್ಚಿತಾರ್ಥ ಬಂದಿತ್ತು. ಬೀಗರು ಬರುವುದರೊಳಗೆ ಕಲೆ ಕಾಣದಂತಾಗಬೇಕಿತ್ತು. ಮಾರೆಣ್ಣ ಗಾರೆ ಮೆತ್ತುವ ಕರಣೆಯ ತುದಿಯನ್ನು ಮಾಳಿಗೆಯ ಮರದ ತೊಲೆಗೆ ಒತ್ತಿದ. ಹಿಡಿಯ ತನಕ ಒಳಗೆ ಹೋಯಿತು. ಬಿಟ್ಟು ಹೋಗುವಂತಿರಲಿಲ್ಲ. ಅವನ ಮಗಳು ಜೋಗಮ್ಮ ಇದೇ ಸೌಕಾರನ ಜಿನ್ನಿಂಗ್ ಮಿಲ್ಲಿನಲ್ಲಿ ಅರಳೆ ಆರಿಸುತ್ತಿದ್ದಳು.

"ನೀನು ಇದರ ಕೆಳಗ ನಿಂದ್ರಬ್ಯಾಡ," ಎಂದು ಸುಂಕಲಮ್ಮನನ್ನು ಹೊರಗೆ ಕಳಿಸಿದ. ತಾನು ನಿಂತ.

*

ಮಣ್ಣು ಮಾಡಿ ಬರುವ ಹೊತ್ತಿಗೆ ಹಾಲಸಿದ್ದಪ್ಪ ಓಣಿಯ ಬಾಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದ. ಒಳಗೆ ಬರಲಿಲ್ಲ. ಊರಲ್ಲಿ ಪೈಪು ಕೂಡಿಸುವ ಕೆಲಸ ಮಾಡುತ್ತಿದ್ದ ದುರುಗಣ್ಣನೇ ಹತ್ತಿರ ಹೋದ. ಹೊಸ್ತಿಲಲ್ಲಿ ಕೂತ ಸುಂಕಲಮ್ಮನಿಗೆ ಅವರ ಮಾತು ಕೇಳಿಸುತ್ತಿತ್ತು.

"ಆಗಬಾರದ್ದು ಆತು," ಎಂದ ಹಾಲಸಿದ್ದಪ್ಪ. "ತೊಲಿಗೆ ಅವನು ಪೆಟ್ಟು ಜೋರು ಹಾಕಿದ್ನೋ ಏನೋ."

ದುರುಗಣ್ಣ ಕೈಗೆ ಅಂಟಿದ ಮಣ್ಣು ಉಜ್ಜಿಕೊಂಡ.

"ದುರುಗಾ, ಪೈಪು ಮುರಿದು ನೀರು ಪಡಸಾಲಿ ತನಕ ಬರಾಕ ಹತ್ತೈತಿ. ಟ್ಯಾಂಕಿ ಬಂದ್ ಮಾಡಿದ್ರ ಇಡೀ ಮನಿಗೆ ನೀರಿಲ್ಲ. ಬೆಳಿಗ್ಗಿ ಬೀಗರು ಬರ್ತಾರ, ಪ್ಲಂಬರ್ ಈಗ ಸಿಗವಲ್ಲ. ಈಗ ಬಂದು ಒಂದು ಬೂಚು ಬಡಿದು ಹೋಗು."

"ಅಣ್ಣನ್ನ ಮಣ್ಣು ಮಾಡಿ ಬರಾಕ ಹತ್ತೀನ್ರಿ. ಅದೂ ಅಲ್ದ, ನೀವು ನಮ್ಮನ್ನ ಮೆಟ್ಲಾ ಹತ್ತಾಕ ಬಿಡಂಗಿಲ್ಲಲ್ರಿ."

"ಮೆಟ್ಲಾ ಯಾಕಲೇ?" ಹಾಲಸಿದ್ದಪ್ಪನ ದನಿ ಹಗುರಾಯಿತು. "ಮಾಳಿಗ್ಯಾಗ ತೂತು ಬಿದ್ದೈತಲ್ಲ. ಹಿತ್ತಲ ಕಡಿಂದ ಕೋಣಿಗೆ ಬಾ, ಏಣಿ ಹಚ್ಚಿ ಅದರಾಗಿಂದನ ಹತ್ತು. ದೇವರ ಮನಿ ತಂಟೀನ ಇಲ್ಲ."

ಹಾಲಸಿದ್ದಪ್ಪ ಸ್ಕೂಟರಿನ ಕಿಕ್ ಒದೆದ.

"ಜೋಗಮ್ಮ ಎರಡು ದಿನ ಬಿಟ್ಟು ಬರ್ಲಿ ಮಿಲ್ಲಿಗೆ. ಅಕಿ ಜಾಗಕ್ಕ ಇನ್ನೂ ಯಾರನ್ನೂ ತಗೊಂಡಿಲ್ಲ."

ಸ್ಕೂಟರ್ ಹೋದ ಮೇಲೆ ದುರುಗಣ್ಣ ಅತ್ತಿಗೆಯ ಕಡೆ ತಿರುಗಿದ. ಸುಂಕಲಮ್ಮ ಮೊಣಕಾಲಿನ ಮೇಲಿದ್ದ ತಲೆ ಎತ್ತಲಿಲ್ಲ.

"ಹೋಗು," ಎಂದಳು. "ಏಣಿ ಗಟ್ಟಿ ಐತೋ ಇಲ್ಲೋ ನೋಡ್ಕೊಂಡು ಹತ್ತು."

ಅವನು ಹತ್ತಿದ. ತೂತಿನೊಳಗಿಂದ ಸೊಂಟದವರೆಗೆ ಮೇಲೆ ಬಂದು, ಬಚ್ಚಲಲ್ಲಿ ಉಳಿದಿದ್ದ ಅರ್ಧ ನೆಲಕ್ಕೆ ಎದೆಯೂರಿ, ಮುರಿದ ಪೈಪಿನ ಬಾಯಿಗೆ ಬೂಚು ಬಡಿದ. ಆದರೂ ಅದರ ಹಿಂದೆ, ವರ್ಷಗಳ ತುಕ್ಕಿನ ಕಲೆ ಇಳಿದಿದ್ದ ಹಳೆಯ ಜಾಯಿಂಟಿನಿಂದ ಹನಿ ಇಳಿಯುತ್ತಲೇ ಇತ್ತು. ಅದರ ನಟ್ಟಿಗೆ ಪಾನಾ ಹಾಕಿ ಬಿಗಿಯಾಗಿ ತಿರುಗಿಸಿದ. ಒಂದೂವರೆ ಸುತ್ತು. ಹನಿ ನಿಂತಿತು.

ಪಾನಾ ಹಿಡಿದ ಕೈಯನ್ನು ಅವನು ಬಹಳ ಹೊತ್ತು ತೆಗೆಯಲಿಲ್ಲ.

"ಆತೇನು?" ಕೆಳಗಿನಿಂದ ದಾಕ್ಷಾಯಣಮ್ಮ ಕೂಗಿದಳು.

"ಆತ್ರಿ."

ಅವನು ಬಗ್ಗಿ ನೋಡಿದ. ಕೋಣೆಯ ಬಾಗಿಲ ಬಳಿ ಆಕೆ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ಸಗಣಿ ನೀರಿನ ಬಕೆಟ್ಟಿನಲ್ಲಿ ಒಂದು ಕೈ ಅದ್ದಿ, ಅವನು ಇಳಿಯುವುದನ್ನೇ ಕಾಯುತ್ತಿದ್ದಳು.